ಸಕ್ಕರೆ ಬರುವ ತನಕ

ಫಿನಾಯಿಲ್ ವಾಸನೆ ಬಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಬಾಯಲ್ಲಿ ನೀರೂರುತ್ತದೆ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಅವ್ವ ಕೆಲಸ ಮುಗಿಸಿ ಬಂದಳೆಂದರೆ ಸೀರೆಯ ತುಂಬ ಆ ವಾಸನೆ, ಸೆರಗಿನ ತುದಿಯ ಗಂಟಿನಲ್ಲಿ ಸಕ್ಕರೆ. ಗಂಟು ಬಿಚ್ಚುವ ತನಕ ತಡೆಯಲಾರದೆ ನಾನು ಸೆರಗನ್ನೇ ಬಾಯಿಗಿಟ್ಟು ಚೀಪುತ್ತಿದ್ದೆ. ತೊಂಬತ್ತರ ದಶಕದ ಯಲ್ಲಾಪುರದಲ್ಲಿ ಡಾಕ್ಟರಮ್ಮ ಒಬ್ಬರ ಸಣ್ಣ ಹೆರಿಗೆ ಆಸ್ಪತ್ರೆಯಿತ್ತು, ಅವ್ವ ಅಲ್ಲಿ ಆಯಾ. ನಾನಿನ್ನೂ ನಡೆಯಲು ಕಲಿಯುತ್ತಿದ್ದಾಗಲೇ ಅಪ್ಪ ತೀರಿಕೊಂಡ. ಬನವಾಸಿ ಕಡೆಯ ಊರು ಬಿಟ್ಟು ಬಂದು ಅವಳು ಹಿಡಿದ ಕೆಲಸ ಅದು. ಆಸ್ಪತ್ರೆಯ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಈಗ ಆಸ್ಪತ್ರೆಯೂ ಇಲ್ಲ, ಕೋಣೆಗಳೂ ಇಲ್ಲ. ಅಲ್ಲೊಂದು ಮೊಬೈಲ್ ಅಂಗಡಿ ಇದೆ.

ನೆಲ ಒರೆಸುವುದು, ರಕ್ತದ ಬಟ್ಟೆ ಒಗೆಯುವುದು, ಬಿಸಿನೀರು ಕಾಯಿಸುವುದು, ಎಲ್ಲ ಅವಳದೇ. ಆದರೆ ಹುಟ್ಟಿದ ಮಗುವನ್ನು ಒರೆಸಿ, ಹಳೆಯ ಮೆತ್ತನೆ ಪಂಚೆಯಲ್ಲಿ ಸುತ್ತಿ, ಹೊರಗೆ ಕಾದವರಿಗೆ ಮೊದಲು ತೋರಿಸುವವಳೂ ಅವಳೇ. ಅದೊಂದನ್ನು ಮಾತ್ರ ಸತ್ತರೂ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಯಾರಾದರೂ ನೋಟು ಚಾಚಿದರೆ "ದುಡ್ಡು ಒಲ್ಲೆ, ಸಕ್ಕರಿ ತರ್ರಿ" ಎನ್ನುವಳು. ಗಂಡಾದರೆ ಸಕ್ಕರೆ ತಾನಾಗಿ ಓಡಿಬರುತ್ತಿತ್ತು. ಹೆಣ್ಣಾದರೆ, ಅಯ್ಯೋ ಶಿವನೇ, ಪೇಟೆಯ ಅಂಗಡಿಗಳೆಲ್ಲ ಒಮ್ಮೆಲೇ ದೂರವಾಗಿಬಿಡುತ್ತಿದ್ದವು! ಅಂಥ ಹೊತ್ತಿನಲ್ಲಿ ಅವ್ವನ ಹಟ ನೋಡಬೇಕಿತ್ತು. ಒಮ್ಮೆ ನಂದೊಳ್ಳಿ ಕಡೆಯ ಅಜ್ಜನೊಬ್ಬರ ಸೊಸೆಗೆ ಮೂರನೆಯದೂ ಹೆಣ್ಣಾಯಿತು. ಶಾಲೆ ಬಿಟ್ಟು ಬಂದ ನಾನು ಜಗುಲಿಯಲ್ಲೇ ಕೂತಿದ್ದೆ. "ಎಂತದು, ಮಾಣಿಯಾ?" ಎಂದು ಅಜ್ಜ ಎದ್ದು ಬಂದರು. "ಮಾಣಿ ಅಲ್ಲ, ಮಹಾಲಕ್ಷ್ಮಿ! ಸಕ್ಕರಿ ತರ್ರಿ ಅಜ್ಜಾರ." ಅವರ ಮುಖ ಹುಣಸೆಕಾಯಿ ಕಚ್ಚಿದಂತಾಯಿತು. "ಮನೆಗೆ ಹೋಗಿ ಕಳಿಸ್ತೆ. ಈಗ ಕೂಸು ಕೊಡು." "ಹಂಗಾರ ಕೂಸನ್ನೂ ಆಮ್ಯಾಲ ಕಳಿಸ್ತೀನಿ ಬಿಡ್ರಿ" ಎಂದವಳೇ ಮಗುವನ್ನು ಎದೆಗವಚಿಕೊಂಡು ಬೆಂಚಿನ ಮೇಲೆ ಕೂತೇಬಿಟ್ಟಳು. ಅಜ್ಜ ಕೂಗಾಡಿದರು. ಡಾಕ್ಟರಮ್ಮ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ಅಜ್ಜ ಕೊಡೆ ಎತ್ತಿಕೊಂಡು ಹೊರಟೇಹೋದಾಗ ಅವ್ವನ ಕೆಲಸ ಹೋಯಿತೆಂದು ನನಗೆ ಜೀವ ಬಾಯಿಗೆ ಬಂದಿತ್ತು. ಸ್ವಲ್ಪ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಪೊಟ್ಟಣ ಹಿಡಿದು ಬಂದರು. ಅವ್ವನ ಅಂಗೈಗೆ ಸಕ್ಕರೆ ಸುರಿದರು, ಅವಳು ಬಾಯಿಗೆ ಹಾಕಿಕೊಂಡಳು, ಆಮೇಲೆ ಮಗು ಅವರ ಕೈಗೆ ಹೋಯಿತು. ಅಜ್ಜ ಬಗ್ಗಿ ನೋಡಿ, "ಥೇಟ್ ನಮ್ಮ ಆಯಿದೇ ಮೋರೆ" ಎಂದು ತಮ್ಮ ತಾಯಿಯನ್ನು ನೆನೆದು ಮೆಲ್ಲಗೆ ನಕ್ಕರು.

ಮದುವೆ ಮನೆಗಳಲ್ಲಿ ಅವ್ವನ ಬರಿಯ ಹಣೆ ನೋಡಿ ಹಿಂದಕ್ಕೆ ಸರಿಸುತ್ತಿದ್ದ ಜನವೇ ಇಲ್ಲಿ ಮೊದಲ ಸಿಹಿಯನ್ನು ಅವಳ ಕೈಗೆ ಹಾಕಬೇಕಿತ್ತು. ಅವಳು ಹಾಕಿಸಿಕೊಳ್ಳುತ್ತಿದ್ದಳು, ತಲೆ ಎತ್ತಿಕೊಂಡೇ.

ಅವ್ವನ ತಮ್ಮ, ನನ್ನ ಮಾಮ, ಶಿರಸಿಯಲ್ಲಿ ಸಂಘವೊಂದರ ಆಫೀಸಿನಲ್ಲಿದ್ದ. ಒಂದು ದಿನ ಬಂದು, ಅಲ್ಲೇ ಅವ್ವನಿಗೂ ಕೆಲಸ ಗೊತ್ತು ಮಾಡಿದ್ದೇನೆ ಎಂದ. ಚಹಾ ಕೊಡುವುದು, ಫೈಲು ದಾಟಿಸುವುದು. ಕೂರಲು ಕುರ್ಚಿ, ತಲೆಯ ಮೇಲೆ ಫ್ಯಾನು, ಪಗಾರವೂ ಹೆಚ್ಚು. ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಅಲ್ಲಿ ಯಾರರ ಹುಟ್ತಾರೇನೋ ತಮ್ಮಾ?" ಮಾಮನಿಗೆ ಸಿಟ್ಟು ನೆತ್ತಿಗೇರಿತು. "ಹುಟ್ಟೋವು ಮಂದಿ ಮಕ್ಕಳು. ನಿನಗೇನ್ ಬಂತು? ಜೀವನಪೂರ್ತಿ ಹೊಲಸು ಬಳೀತೀಯೇನು?" ಅವ್ವ ರೊಟ್ಟಿ ಬಿಟ್ಟು ನನ್ನ ಕಡೆ ಕೈ ತೋರಿಸಿದಳು. "ಇಕಿ ಹುಟ್ಟಿದ ದಿನ ನೀನೂ ಹೊರಗ ನಿಂತಿದ್ದಿ. ಯಾವನರ ಒಂದು ಚಿಟಿಕಿ ಸಕ್ಕರಿ ತಂದ್ರೇನು? ಹೆಣ್ಣು ಅಂದಕೂಡ್ಲೆ ಎಲ್ಲಾರೂ ಬಸ್ ಹಿಡದು ಹೋದ್ರಿ. ನಾ ಇಲ್ಲಿರೂತನಕ ಯಾವ ಕೂಸಿಗೂ ಹಂಗ ಆಗಗೊಡೂದಿಲ್ಲ." ಮಾಮ ನನ್ನ ಕಡೆ ನೋಡಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಹೋದ.

ಆ ಕುರ್ಚಿಗೆ ಹೋಗಿದ್ದರೆ ಅವಳ ಸೊಂಟ ಉಳಿಯುತ್ತಿತ್ತು, ನನಗೂ ಎರಡು ಹೊಸ ಲಂಗ ಬರುತ್ತಿದ್ದವು, ಒಪ್ಪಿದೆ. ಆದರೂ ಅವಳನ್ನು ದಡ್ಡಿ ಎಂದವರ ಜೊತೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ನಿಮ್ಮ ಕೆಲಸದಲ್ಲಿ ಎಷ್ಟು ಸಿಗುತ್ತದೆ ಎಂದು ಕೇಳುತ್ತೀರಲ್ಲ, ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದ್ದೀರಾ? ನನ್ನ ಅವ್ವ ದಿನವೂ ಹಾಡು ಗುನುಗುತ್ತ ಕೆಲಸಕ್ಕೆ ಹೋಗುತ್ತಿದ್ದಳು. ಹಾಗೆ ಹೋಗುವವರನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಡಾಕ್ಟರಮ್ಮ ಆಸ್ಪತ್ರೆ ಮುಚ್ಚುವ ತನಕ ಅವಳು ಅಲ್ಲೇ ಇದ್ದಳು. ಆಮೇಲೆ ಬಹಳ ದಿನ ಬದುಕಲಿಲ್ಲ. ಅವಳು ಹೋದ ಮರುವರ್ಷ ಶಿರಸಿಯಲ್ಲಿ ನನಗೆ ಹೆರಿಗೆಯಾಯಿತು. ಹೆಣ್ಣು. ಸಿಸ್ಟರ್ ಮಗುವನ್ನೆತ್ತಿಕೊಂಡು ಬಾಗಿಲ ಕಡೆ ಹೊರಟಾಗ ನಾನು ಮಲಗಿದ್ದಲ್ಲಿಂದಲೇ ಕೂಗಿದೆ, "ಸಕ್ಕರೆ ತರುವ ತನಕ ಕೊಡಬೇಡ್ರಿ!" ಅವರು ನಗುತ್ತ ಬಾಗಿಲು ತೆರೆದರು. ಎದುರಿಗೇ ಮಾಮ. ಗಂಡೋ ಹೆಣ್ಣೋ ಎಂದು ಕೇಳಲೂ ಇಲ್ಲ, ಕೈಯಲ್ಲಿದ್ದ ಪೊಟ್ಟಣ ಆಗಲೇ ಬಿಚ್ಚಿತ್ತು. "ಅಂಗೈ ಹಿಡೀರಿ ಸಿಸ್ಟರ್. ಮೊದಲು ನಿಮಗ. ನಮ್ಮಕ್ಕನ ಖರೇ ಪಗಾರ ಇದಾ ಇತ್ತು" ಎಂದ. ನಾನು ಆ ಫಿನಾಯಿಲ್ ವಾಸನೆಯಲ್ಲಿ ಮಲಗಿ, ಹೊದ್ದಿದ್ದ ಅವ್ವನ ಹಳೆಯ ಸೀರೆಯ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ.