ಖಾಲಿ ಕುರ್ಚಿಗೆ ಪಾಠ

ಆರು ವರ್ಷದ ಹುಡುಗಿಯ ಬಾಯಲ್ಲಿ ಅವಳ ಅಪ್ಪನ ಗಂಟಲು ಕೇಳಿದ್ದೀರಾ? ನಾನು ಕೇಳಿದೆ. ಹೋದ ತಿಂಗಳು, ಮಟಮಟ ಮಧ್ಯಾಹ್ನ, ಅಟ್ಲಾಂಟಾ ಹತ್ತಿರದ ಒಂದು ಮನೆಯ ಬೇಸ್‌ಮೆಂಟಿನಲ್ಲಿ.

ಹೋದದ್ದು ಸಂಧಾನಕ್ಕೆ. ಅಲ್ಲೇ ಪಕ್ಕದ ನಾರ್‌ಕ್ರಾಸ್‌ನಲ್ಲಿ ಹಳೇ ಕಾರು ಮಾರುವವನು ನಾನು, ನಿಮಗೆ ಗೊತ್ತು. (ಕೊಳ್ಳುವಾಗ ಮೊದಲು ಟೈರು ನೋಡಿ, ಬಣ್ಣ ಆಮೇಲೆ.) ಆ ಮನೆಯ ಯಜಮಾನರಾದ ಧಾರವಾಡ ಕಡೆಯ ಡಾಕ್ಟರಿಗೆ ಮಿನಿವ್ಯಾನ್ ಕೊಟ್ಟವನೂ ನಾನೇ. ಇಡೀ ದಿನ ನನ್ನನ್ನು ಕೂರಿಸಿ ಚೌಕಾಸಿ ಮಾಡಿದ ಏಕೈಕ ಗಿರಾಕಿ. ಅವರ ಹೆಂಡತಿ ಸುಮಾ ಫೋನಿನಲ್ಲಿ ಅತ್ತರು: "ಅಣ್ಣಾ, ಮುಂದಿನ ಸೋಮವಾರ ಮಗಳು ಮೇಧಾನ ಸ್ಕೂಲ್ ಶುರು. ಇವರು ಫಾರ್ಮಿಗೆ ಸೈನ್ ಮಾಡವಲ್ರು. ನಿಮ್ಮ ಮಾತಾದ್ರೂ ಕೇಳ್ತಾರೇನು ನೋಡ್ರಿ."

ಡಾಕ್ಟರ ತಲೆಯಲ್ಲಿ ಕೂತಿದ್ದವನು ಹತ್ತೊಂಬತ್ತನೇ ಶತಮಾನದ ಒಬ್ಬ ಇಂಗ್ಲಿಷ್ ತತ್ವಜ್ಞಾನಿ. ಹೆಚ್ಚು ಜನರಿಗೆ ಹೆಚ್ಚು ಸುಖ ಕೊಡುವುದೇ ಸರಿಯಾದ ಕೆಲಸ ಎನ್ನುವ ಪಂಥದವನು. ಅವನ ಅಪ್ಪ ಅವನನ್ನು ಸ್ಕೂಲಿಗೆ ಕಳಿಸಲೇ ಇಲ್ಲ. ಮೂರನೇ ವರ್ಷಕ್ಕೆ ಗ್ರೀಕ್, ಎಂಟಕ್ಕೆ ಲ್ಯಾಟಿನ್. ಓರಗೆಯ ಹುಡುಗರ ಸಹವಾಸ ಇಲ್ಲ. ಬೆಳಗಿನ ವಾಕಿಂಗಿನಲ್ಲಿ, ಹಿಂದಿನ ದಿನ ಓದಿದ್ದರ ವರದಿ. ಕಲಿತದ್ದನ್ನು ತಮ್ಮ-ತಂಗಿಯರಿಗೆ ತಾನೇ ಕಲಿಸಬೇಕು. ಮೇಧಾಳಿಗೂ ಮನೆಯಲ್ಲೇ ಅದೇ ಪಾಠ ಎಂಬುದು ಡಾಕ್ಟರ ಹಟ.

"ಬಾಯಿಪಾಠ ಅಲ್ರೀ ಇದು. ತಾನ ವಿಚಾರ ಮಾಡಿ ತಿಳ್ಕೋಬೇಕು. ಮೇಧಾ ಈಗಾಗ್ಲೇ ಆಲ್ಜೀಬ್ರಾ ಮಾಡ್ತಾಳ" ಎಂದರು ಡಾಕ್ಟರು.

ನಮ್ಮವರ ಪದ್ಧತಿ ಗೊತ್ತಲ್ಲ? ಅತಿಥಿ ಬಂದರೆ ಮಗುವಿನಿಂದ ಶ್ಲೋಕ ಹೇಳಿಸುವುದು, ಚಪ್ಪಾಳೆ, ಆಮೇಲೆ ಕಾಫಿ. "ಎಲ್ಲಿ ನಮ್ಮ ಪುಟ್ಟಿ? ಕರೀರಿ, ಒಂದು ಶ್ಲೋಕ ಆಗಲಿ" ಎಂದೆ.

"ಆಕಿ ಕೆಳಗ ಪಾಠ ಹೇಳ್ಲಿಕ್ಕತ್ತಾಳ. ನೀವ ಹೋಗಿ ನೋಡ್ರಿ."

ಇಳಿದೆ. ಮೆಟ್ಟಿಲ ಮೇಲಿರುವಾಗಲೇ ಡಾಕ್ಟರ ದನಿ: "ತಪ್ಪು. ಮತ್ತೊಮ್ಮೆ. ವಿಚಾರ ಮಾಡು." ಅದೇ ಎಳೆತ, ಗಂಟಲು ಸರಿಮಾಡಿಕೊಳ್ಳುವ ಅದೇ ಕೆಮ್ಮು. ಆದರೆ ಡಾಕ್ಟರು ಮೇಲಿದ್ದರು. ಅವರ ಪೇಜರ್ ಬೀಪ್ ಎಂದದ್ದು ನನಗೆ ಮೇಲಿನಿಂದ ಕೇಳಿಸಿತು.

ಮೇಧಾ ಬೋರ್ಡಿನ ಮುಂದೆ ನಿಂತಿದ್ದಳು. ಎದುರಿಗೆ ಒಂದು ಪುಟ್ಟ ಕುರ್ಚಿ. ಅದರಲ್ಲಿ ಯಾರೂ ಇಲ್ಲ. (ಅವಳಿಗೆ ತಮ್ಮನೂ ಇಲ್ಲ, ತಂಗಿಯೂ ಇಲ್ಲ. ಕಲಿಸದೆ ಕಲಿಕೆ ಪೂರ್ತಿಯಾಗದು ಎಂದು ಅಪ್ಪ ಕುರ್ಚಿ ಇಟ್ಟಿದ್ದರು.)

"ಯಾರಿಗಮ್ಮಾ ಪಾಠ?"

"ತಮ್ಮಗ, ಅಂಕಲ್. ಹೀ ಈಸ್ ವೆರಿ ಸ್ಲೋ." ಆಮೇಲೆ ಪಿಸುಗುಟ್ಟಿದಳು, ಈಗ ತನ್ನದೇ ದನಿಯಲ್ಲಿ: "ಜೋರ್ ಮಾತಾಡಬ್ಯಾಡ್ರಿ. ಹೀ ಈಸ್ ಕ್ರೈಯಿಂಗ್."

ಕುರ್ಚಿಯ ಮೇಲೆ ನೀಟಾಗಿ ಮಡಿಸಿಟ್ಟ ಒಂದು ಟಿಶ್ಯೂ ಇತ್ತು. ಮುಟ್ಟಿದೆ. ಒದ್ದೆ.

ಮೇಲೆ ಬಂದು ಡಾಕ್ಟರ ಎದುರು ಕೂತೆ. ಚೌಕಾಸಿಯಲ್ಲಿ ನನ್ನದೊಂದು ಉಪಾಯವಿದೆ, ಬೇಕಿದ್ದರೆ ಬರೆದಿಟ್ಟುಕೊಳ್ಳಿ: ಗಿರಾಕಿಯ ಮಾತನ್ನೇ ಹಿಡಿದು ಅವನ ಮುಂದಿಡಬೇಕು.

"ಡಾಕ್ಟ್ರೇ, ನಿಮ್ಮ ತತ್ವಜ್ಞಾನಿಗೆ ಇಪ್ಪತ್ತನೇ ವಯಸ್ಸಲ್ಲಿ ಏನಾಯ್ತು?" (ಸುಮಾ ಫೋನಿನಲ್ಲೇ ಇವನ ಹೆಸರು ಹೇಳಿದ್ದರು, ಹೊರಡುವ ಮುಂಚೆ ಲೈಬ್ರರಿಗೆ ಹೋಗಿದ್ದೆ. ಎಂಜಿನ್ ನೋಡದೆ ನಾನು ರೇಟು ಹೇಳುವುದಿಲ್ಲ.)

ಉತ್ತರವನ್ನೂ ನಾನೇ ಹೇಳಿದೆ. ಅಂದುಕೊಂಡದ್ದೆಲ್ಲ ಈಡೇರಿದರೆ ತನಗೆ ಸುಖವಾಗುತ್ತದೆಯೇ ಎಂದು ಆತ ತನ್ನನ್ನೇ ಕೇಳಿಕೊಂಡ. ಇಲ್ಲ ಎಂದು ಉತ್ತರ ಬಂತು. ಲೋಕದ ಸುಖಕ್ಕಾಗಿ ತಯಾರಾದವನು ತಿಂಗಳುಗಟ್ಟಲೆ ಮಂಕಾಗಿ ಕೂತ. ಯಾವುದೋ ಪುಸ್ತಕ ಓದುತ್ತ ಕಣ್ಣೀರು ಬಂದ ದಿನವೇ ಸ್ವಲ್ಪ ಹಗುರಾದದ್ದು.

"ಮೇಧಾ ಈಗ್ಲೇ ಅಳ್ತಿದಾಳೆ ಡಾಕ್ಟ್ರೇ. ಇಲ್ಲದ ತಮ್ಮನ ಹೆಸರಲ್ಲಿ. ಒಂದು ವರ್ಷ ಸ್ಕೂಲಿಗೆ ಕಳಿಸಿ. ಸರಿಹೋಗ್ಲಿಲ್ಲ ಅಂದ್ರೆ ಬಿಡಿಸಿ. ಕಾರಿಗೂ ನಾನು ಇಷ್ಟು ಗ್ಯಾರಂಟಿ ಕೊಡಲ್ಲ."

ಆಗ ಕೆಳಗಿನಿಂದ ಆ ಕೆಮ್ಮು ಕೇಳಿಸಿತು. ಡಾಕ್ಟರ ಕೈ ತಾನಾಗಿ ತಮ್ಮ ಗಂಟಲಿಗೆ ಹೋಯಿತು. ಫಾರ್ಮು ಹತ್ತಿರ ಎಳೆದುಕೊಂಡು, ಪೆನ್ನು ತೆಗೆದರು.

ನಿನ್ನೆ ಸುಮಾ ಫೋನ್ ಮಾಡಿದ್ದರು. "ಟೀಚರ್ ಕರೆಸಿದ್ರು ಅಣ್ಣಾ. ಕ್ಲಾಸಿನ್ಯಾಗ ಮಕ್ಕಳೆಲ್ಲಾ ನಕ್ಕಾಗ ಈಕಿ ಕೈ ಎತ್ತಿ ನಿಲ್ತಾಳಂತ."

"ಯಾಕೆ?"

"ತಾನೂ ನಗಬಹುದೇನು ಅಂತ ಕೇಳ್ಲಿಕ್ಕೆ."

ನಿಮ್ಮ ಮಗು ಯಾರನ್ನೂ ಕೇಳದೆ ನಕ್ಕು ಎಷ್ಟು ದಿನವಾಯಿತು?