ಉಲ್ಲಾಸನ ಬಿಳಿ ಪುಡಿ

ಶಿರಸಿ ಬಸ್‌ಸ್ಟ್ಯಾಂಡಿನ ಎದುರು ಗೋಬಿ ಗಾಡಿ ಇಟ್ಟಿರುವ ಉಲ್ಲಾಸನನ್ನು ಕಂಡರೆ ನನಗಾಗುವುದಿಲ್ಲ. ಒಲೆ ಹಚ್ಚುವ ಮೊದಲು ಬಾಣಲೆಗೆ ಕೈ ಮುಗಿಯುತ್ತಾನೆ. ಸೌಟನ್ನು ಅದರ ಅಂಚಿಗೆ ಬಡಿದನೆಂದರೆ ಹುಲೇಕಲ್ ಬಸ್ಸು ಹತ್ತಿದವರೂ ಇಳಿದು ಬರುತ್ತಾರೆ. ಕೊನೆಗೆ ಡಬ್ಬಿಯಿಂದ ಟೇಸ್ಟಿಂಗ್ ಪೌಡರನ್ನು ಪ್ರಸಾದ ಕೊಡುವವನ ಗತ್ತಿನಲ್ಲಿ ಉದುರಿಸುತ್ತಾನೆ. ಬಡಿಸುವಾಗ ನಾನು "ಸಾಕಾ?" ಎಂದು ಕೇಳುವವಳು, ಇವನು ಕೇಳುವುದು "ಇನ್ನೊಂದು ಹಾಫ್ ಹಾಕ್ಲಾ?" ಎಂದು. ಆ ಪುಡಿ ಬಿದ್ದ ಮೇಲೆ ಹೊಟ್ಟೆ ತುಂಬಿದರೂ ನಾಲಿಗೆ ಸಾಕೆನ್ನುವುದಿಲ್ಲ. ಅನ್ನ ಕಡಿಮೆ ಮಾಡಿ, ಒಂದೆಲಗದ ತಂಬುಳಿ ಬಡಿಸಿ, ವರ್ಷವಿಡೀ ಕಷ್ಟಪಟ್ಟು ನಾನು ಇಳಿಸಿದ್ದ ನಮ್ಮ ಮನೆಯವರ ತೂಕವನ್ನು ಇವನು ಒಂದೇ ಮಳೆಗಾಲದಲ್ಲಿ ವಾಪಸು ಏರಿಸಿದ. ತಾನು ಮಾತ್ರ ಅಡಿಕೆ ದಬ್ಬೆಯ ಹಾಗೆ ಸಪೂರವಾಗೇ ಇದ್ದಾನೆ. ಮೊನ್ನೆ ಜಗಳಕ್ಕೆಂದೇ ಹೋದೆ. ಗಾಡಿಯ ಹಿಂದೆ ಕೂತು ಗಂಜಿ ಉಣ್ಣುತ್ತಿದ್ದ. "ಅದೆಂತ ಪುಡಿ ಹಾಕ್ತೀಯೋ ಮಾರಾಯ, ನಮ್ಮನೆಯವ್ರು ಮನೆ ಊಟನೇ ಮರ್ತಿದ್ದಾರೆ" ಎಂದೆ. "ಎಲ್ಲಿ ಮರೀತಾರೆ ಅಕ್ಕಾ? ಪ್ಲೇಟು ಖಾಲಿ ಆದ್ಕೂಡ್ಲೆ, ನನ್ನ ಹೆಂಡ್ತಿ ತಂಬ್ಳಿ ಮುಂದೆ ಇದು ಎಂತದೂ ಅಲ್ಲ ಅಂತಾರೆ" ಎಂದ. ಮದುವೆಯಾದಂದಿನಿಂದ ನನಗೆ ಒಮ್ಮೆಯೂ ಸಿಗದ ಆ ಮಾತು ಇವನಿಗೆ ದಿನಾ ಸಂಜೆ ಸಿಗುತ್ತಿದೆ.