ಕಾಂಬುಕ್ ಹತ್ರ

ಅಣ್ಣನ ಫೋನ್ ಬಂದಾಗ ನಾನು ಕೋಡಿಯ ನಮ್ಮ ಅಂಗಳದಲ್ಲಿ ಕಾಗೆಗಳನ್ನು ಓಡಿಸುತ್ತಾ ಸೀಗಡಿ ಒಣಹಾಕುತ್ತಿದ್ದೆ. ಅವನು ಮುಂಬೈಯಲ್ಲಿ ಮೀನಿನ ವ್ಯಾಪಾರ ಮಾಡಿಕೊಂಡಿದ್ದ.

"ಹ್ವಾಯ್, ಚಟ್ಲಿ ಒಣ್ಗಿತಾ? ಕಾಕಿಗೆ ಎಷ್ಟ್ ಪಾಲ್, ನಂಗೆಷ್ಟ್?"

"ನಿಂಗ್ ಸಿಪ್ಪಿ ಕಳ್ಸ್ತೆ ಮಾರಾಯ," ಅಂದೆ. ಮಧ್ಯಾಹ್ನ ಬೈಂದೂರಿಗೆ ನಾದಿನಿಯ ಮನೆಗೆ ಹೋಗುವವಳಿದ್ದೇನೆ ಎಂದೂ ಹೇಳಿದೆ.

"ಮುಟ್ಟಿದ್ ಕೂಡ್ಲೆ ಒಂದ್ ಮಿಸ್ ಕಾಲ್ ಕೊಡ್."

"ಬೈಂದೂರಿಗೂ ಬೇಕಾ?"

"ಗಂಗೊಳ್ಳಿಗ್ ಹೋರೂ ಬೇಕ್. ಕಾಂಬುಕ್ ಹತ್ರ, ಹೋಪುಕ್ ದೂರ."

ಅದು ಅವನ ಹಳೆಯ ಮಾತು. ನಮ್ಮ ಕೋಡಿಯ ದಂಡೆಯಲ್ಲಿ ನಿಂತರೆ ಅಳಿವೆಯ ಆಚೆ ಗಂಗೊಳ್ಳಿಯ ಮನೆಗಳು ಎಣಿಸುವಷ್ಟು ಹತ್ತಿರ ಕಾಣುತ್ತವೆ. ಬಸ್ಸಿನಲ್ಲಿ ಹೋಗಲು ಮಾತ್ರ ಕುಂದಾಪುರಕ್ಕೆ ಬಂದು, ಸೇತುವೆಗಳನ್ನು ದಾಟಿ, ಸುತ್ತಿ ಬಳಸಿ ಹೋಗಬೇಕು. ಆ ಸಂಜೆ ಬೈಂದೂರಿನಲ್ಲಿ ಇಳಿದು ಮಿಸ್ ಕಾಲ್ ಕೊಟ್ಟೆ. ಅವನು ಒಂದು ರಿಂಗಿಗೆ ಕತ್ತರಿಸಿದ. ಗೊತ್ತಾಯಿತು ಎಂದು ಅರ್ಥ.

ಮರುದಿನ ಬೆಳಿಗ್ಗೆ ನಾನು ಕೋಡಿಗೆ ಮರಳುತ್ತಿದ್ದಂತೆ ಅತ್ತಿಗೆಯ ಫೋನ್ ಬಂತು. ಅಣ್ಣನಿಗೆ ಎದೆನೋವು, ಆಸ್ಪತ್ರೆಯಲ್ಲಿದ್ದಾನೆ, ಬರುವವರು ಬೇಗ ಬರಲಿ ಎಂದು ಡಾಕ್ಟರು ಹೇಳಿದ್ದಾರೆ. ಬಸ್ಸಾದರೆ ಒಂದು ರಾತ್ರಿ ಪೂರ್ತಿ ಬೇಕು. ಕುಂದಾಪುರದ ಟಿಕೆಟ್ ಅಂಗಡಿಗೆ ಓಡಿದೆ. ನಾನು ಅದುವರೆಗೆ ವಿಮಾನ ಹತ್ತಿದವಳಲ್ಲ.

"ಮುಂಬೈಗಾ? ಒಂದೂಕಾಲ್ ಗಂಟೆ ಅಕ್ಕ, ಕಣ್ಣ್ ಮುಚ್ಚಿ ತೆಗುದ್ರೊಳ್ಗೆ," ಅಂದ ಅಂಗಡಿಯವನು.

ಅಲ್ಲಿಂದಲೇ ಫೋನ್ ಮಾಡಿದೆ. ಅಣ್ಣನೇ ಮಾತನಾಡಿದ. ದನಿ ಕೆಳಗೆ ಹೋಗಿತ್ತು.

"ಎಷ್ಟೊತ್ತಿಗ್ ಮುಟ್ತೆ ಹೆಣೆ?"

"ಒಂದೂಕಾಲ್ ಗಂಟೆ ಅಂಬ್ರ್ ಅಣ್ಣ. ಬತ್ತೆ."

ಆಗ ಹತ್ತು ಗಂಟೆ. ವಿಮಾನವಿದ್ದದ್ದು ಎರಡೂವರೆಗೆ, ಅದೂ ದೂರದ ಬಜಪೆ ನಿಲ್ದಾಣದಿಂದ. ಬ್ರಹ್ಮಾವರದ ಹತ್ತಿರ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಲಾರಿಗಳ ಹಿಂದೆ ನಾನು ಹಿಡಿದಿದ್ದ ಬಾಡಿಗೆ ಕಾರು ನಿಂತೇ ಇತ್ತು. ಡ್ರೈವರನಿಗೆ ಕೈ ಮುಗಿದೆ. ಅವನು ತಾನೇ ಏನು ಮಾಡಿಯಾನು? ವಿಮಾನ ಹತ್ತುವಾಗ ಫೋನ್ ಆಫ್ ಮಾಡಲು ಹೇಳಿದರು. ಮಾಡಿದೆ. ಮುಂಬೈಯಲ್ಲಿ ಇಳಿದ ಮೇಲೆ ಆಸ್ಪತ್ರೆಗೆ ಮತ್ತೆ ಎರಡು ಗಂಟೆ ಟ್ಯಾಕ್ಸಿ. ಅತ್ತಿಗೆ ಫೋನ್ ಎತ್ತುತ್ತಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಇಳಿದವಳೇ, ಯಾವ ಮಹಡಿ ಎಂದು ತಿಳಿಯದೆ, ಅಣ್ಣನ ನಂಬರಿಗೇ ಮಾಡಿದೆ. ಅದು ಹತ್ತಿರದಲ್ಲೇ ಬಡಿದುಕೊಂಡಿತು. ಬೆಂಚಿನ ಮೇಲೆ ಕುಳಿತಿದ್ದ ಅತ್ತಿಗೆಯ ಚೀಲದೊಳಗೆ. ಅವಳ ಮುಖ ನೋಡಿ ನಾನು ಫೋನ್ ಕತ್ತರಿಸಿ ಪಕ್ಕದಲ್ಲಿ ಕುಳಿತೆ.

"ಹನ್ನೊಂದೂಕಾಲಿಂದ ಫೋನ್ ಕೈಯಗೇ ಹಿಡ್ಕಂಡಿದ್ರ್," ಅಂದಳು. "'ಮುಟ್ಟಿದ್ಲಾ, ಮುಟ್ಟಿದ್ಲಾ' ಅಂದೇಳಿ ಕೇಂತಿದ್ರ್. ನಾನ್ ಮಾಡ್ತೆ ಅಂದ್ರೆ, 'ಬ್ಯಾಡ, ಮುಟ್ಟಿದ್ ಕೂಡ್ಲೆ ಅವ್ಳೇ ಮಿಸ್ ಕಾಲ್ ಕೊಡ್ತ್ಲ್' ಅಂದ್ರ್. ದಾರಿಯಗ್ ಎಂತಾರೂ ಆಯ್ತಾ ಅಂದೇಳಿ ನಿನ್ ಚಿಂತೆಯೇ ಆಯ್ತ್ ಅವ್ರಿಗೆ."

ಪ್ರಾಣ ಹೋದದ್ದು ಮೂರು ಗಂಟೆಗೆ. ನಾನು ಆಗ ಮೋಡದ ಮೇಲಿದ್ದೆ.

ಒಂದೂಕಾಲು ಗಂಟೆ ಎನ್ನುವ ಬದಲು ಸಂಜೆಯವರೆಗೆ ಆಗುತ್ತದೆ ಎಂದು ಹೇಳಿದ್ದರೆ ಅವನು ಹೆದರುತ್ತಿರಲಿಲ್ಲ. ಗಂಗೊಳ್ಳಿಯನ್ನು ದಿನಾ ಎದುರಿಗೆ ಕಾಣುತ್ತಾ ಬೆಳೆದವಳು ನಾನು. ನನಗೆ ಗೊತ್ತಿರಬೇಕಿತ್ತು.

ಈಗಲೂ ಬೈಂದೂರಿಗೆ ಹೋಗುತ್ತೇನೆ. ಬಸ್ಸಿಳಿದು ಫೋನ್ ಕೈಗೆ ತೆಗೆದುಕೊಳ್ಳುತ್ತೇನೆ. ಮುಟ್ಟಿದೆ ಎಂದು ಹೇಳಲು ಅಣ್ಣನಿಲ್ಲ.